ಕಣ್ಣು ಬೀಳದ ಸೂರು

ಘಟ್ಟದಿಂದ ಇಳಿದು ಬರುವ ಪೆರಿಯಾರ್ ನದಿ ಆಲುವದಲ್ಲಿ ಎರಡು ಕವಲಾಗುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದ ನೆಡುಂಬಾಶೇರಿಯಲ್ಲಿ 1999ರಿಂದ ಕೊಚ್ಚಿಯ ವಿಮಾನ ನಿಲ್ದಾಣವಿದೆ. ಹೊರದೇಶಗಳಲ್ಲಿ ದುಡಿಯುವ ಮಲಯಾಳಿಗಳ ಹಣವೂ ಆ ನಿಲ್ದಾಣದಲ್ಲಿ ಸೇರಿದೆ. ಅದೇ ದುಡಿಮೆಯಿಂದ ಸುತ್ತಲಿನ ಊರುಗಳಲ್ಲಿ ಎರಡಂತಸ್ತಿನ ಮನೆಗಳು ಎದ್ದವು. ಯಜಮಾನ ಕೊಲ್ಲಿಯಲ್ಲಿ, ಮಕ್ಕಳು ಇನ್ನೂ ದೂರದಲ್ಲಿ, ಮನೆಗೆ ಬೀಗ. 2011ರ ಜನಗಣತಿಯ ಪ್ರಕಾರ ಕೇರಳದ ಹತ್ತು ಮನೆಗಳಲ್ಲಿ ಸುಮಾರು ಒಂದು ಖಾಲಿ. ಖಾಲಿ ಎನ್ನುವುದು ಮನುಷ್ಯರ ಲೆಕ್ಕ. ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ, ಮಾಳಿಗೆಯ ನೀರಿನ ತೊಟ್ಟಿಯ ಮರೆಯಲ್ಲಿ, ಹಂಚಿನ ಮಾಡಿನ ಗಾಳಿಕಿಂಡಿಯ ಒಳಗೆ ಮಳೆ ತಾಗದ, ಬಿಸಿಲು ಸುಡದ, ಯಾರೂ ತಲೆಯೆತ್ತಿ ನೋಡದ ಒಂದಿಷ್ಟು ಜಾಗ ಉಳಿಯುತ್ತದೆ. ಮಲಯಾಳದಲ್ಲಿ ಕಡನ್ನಲ್, ಕನ್ನಡದಲ್ಲಿ ಕಡಜ ಎಂದು ಕರೆಸಿಕೊಳ್ಳುವ ಹುಳುವಿಗೆ ಬೇಕಾಗಿರುವುದು ಇಷ್ಟೇ. ಹೆಸರುಗಳನ್ನು ಪಕ್ಕಪಕ್ಕ ಇಟ್ಟರೆ ಅಕ್ಕತಂಗಿಯರಂತೆ ಕಾಣುತ್ತವೆ. ಇದರ ಭಯ ಎರಡೂ ಭಾಷೆಗಳಿಗೆ ಹಳೆಯದೇ ಇರಬೇಕು.

ಮನೆಯ ಹತ್ತಿರ ಕಡಜ ಗೂಡು ಕಟ್ಟದಂತೆ ಮಾಡುವುದು ಹೇಗೆ ಎಂದು ಕೇಳಿದರೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ಚಳಿದೇಶಗಳಲ್ಲಿ ಹುಟ್ಟಿದವು. ವಸಂತದಲ್ಲಿ ರಾಣಿಯನ್ನು ಹಿಡಿಯಿರಿ, ಶರತ್ಕಾಲದಲ್ಲಿ ಜಾಗ್ರತೆಯಿಂದಿರಿ, ಹಿಮ ಬಿದ್ದ ಮೇಲೆ ನಿಶ್ಚಿಂತೆಯಿಂದಿರಿ ಎಂಬ ಧಾಟಿ ಅವುಗಳದು. ಅಮೆರಿಕದ ಬೇಟೆಗಾರ ಜಿಂಕೆಗಾಗಿ ಮರಕ್ಕೆ ಕಟ್ಟಿದ ಅಟ್ಟಣೆಯನ್ನು ಶರತ್ಕಾಲದಲ್ಲಿ ಹತ್ತುವ ಮೊದಲು ಗೂಡಿದೆಯೇ ಎಂದು ನೋಡಿಕೊಳ್ಳುತ್ತಾನೆ. ಅಲ್ಲಿನ ಗೂಡುಗಳು ತುಂಬಿ ತುಳುಕುವ ಕಾಲವೂ ಬೇಟೆಯ ಕಾಲವೂ ಒಂದೇ ಆಗಿರುವುದರಿಂದ ಆ ಬುದ್ಧಿಮಾತು ಅವನಿಗೆ ಸರಿ. ಹಿಮ ಬಿದ್ದರೆ ಆಳುಹುಳುಗಳೆಲ್ಲ ಸತ್ತು, ಮುಂದಿನ ವರ್ಷದ ರಾಣಿಯರು ಮಾತ್ರ ಎಲ್ಲೋ ತೊಗಟೆಯಡಿಯಲ್ಲಿ ಮರಗಟ್ಟಿ ಮಲಗುತ್ತಾರೆ. ಆಲುವದಲ್ಲಿ, ಕಾಸರಗೋಡಿನಲ್ಲಿ, ಪುತ್ತೂರಿನಲ್ಲಿ ಆ ಹಿಮ ಬೀಳುವುದಿಲ್ಲ. ಕಡಜವನ್ನು ನಮ್ಮ ಪರವಾಗಿ ಕೊಲ್ಲುವ ಚಳಿಗಾಲ ನಮಗಿಲ್ಲ. ಆದುದರಿಂದ ಋತುವನ್ನು ನಂಬಿ ಹೆಣೆದ ಉಪಾಯಗಳೂ, ಋತು ಮಾಡದ ಕೆಲಸವನ್ನು ವಿಷದ ಡಬ್ಬಿಯಿಂದ ಮಾಡಿಸಲು ಹೊರಟ ಉಪಾಯಗಳೂ ಇಲ್ಲಿ ಸೋಲುತ್ತವೆ. ಇಲ್ಲಿ ಕೆಲಸಕ್ಕೆ ಬರುವುದು ಗೂಡಿನ ವಯಸ್ಸನ್ನು ತಿಳಿದು, ಅದು ಎಳೆಯದಿರುವಾಗಲೇ ಕಣ್ಣು ಹಾಯಿಸುವ ಅಭ್ಯಾಸ. ಇದು ತೀರಾ ಸಾಮಾನ್ಯವಾಗಿ ಕೇಳಿಸುತ್ತದೆ ಎಂಬುದು ನಿಜ. ಆದರೆ ಪುರಾವೆಗಳನ್ನು ಒಂದೊಂದಾಗಿ ಎತ್ತಿಕೊಂಡರೆ ಎಲ್ಲವೂ ಈ ಕಡೆಗೇ ವಾಲುತ್ತವೆ.

ಮೊದಲ ಪುರಾವೆ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಒಂದೇ ಕಣಜದ, ಅಂದರೆ ಕಡಜದ ಸಣ್ಣ ನೆಂಟಹುಳುವಿನ, ಬೆನ್ನು ಹತ್ತಿದರು. ಅದರ ಹೆಸರು ರೋಪಲಿಡಿಯಾ ಮಾರ್ಜಿನಾಟಾ. ಕಿಟಕಿಯ ಸರಳು, ಸೂರಿನ ತೊಲೆ, ಗೇಟಿನ ಸಂದಿಗಳಲ್ಲಿ ಬೂದುಬಣ್ಣದ ಕಾಗದದ ಹಟ್ಟಿ ಕಟ್ಟುವ, ದಕ್ಷಿಣ ಭಾರತದ ಬಹುಪಾಲು ಮನೆಗಳವರು ಕಂಡೇ ಇರುವ ಕಂದು ಹುಳು. ಅವರ ಕೆಲಸದ ಸಾರವೆಲ್ಲ 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಪ್ರಕಟಿಸಿದ ಪುಸ್ತಕದಲ್ಲಿದೆ. ನಮ್ಮ ವಿಷಯಕ್ಕೆ ಬೇಕಾದ ಎರಡು ಸಂಗತಿಗಳನ್ನು ಅಲ್ಲಿಂದ ಎತ್ತಿಕೊಳ್ಳಬಹುದು. ಒಂದು, ಈ ಹುಳು ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಗೂಡು ಹೂಡುತ್ತದೆ; ಒಂಟಿಯಾಗಿಯೂ ಹೂಡುತ್ತದೆ, ಹಲವು ಹೆಣ್ಣುಗಳು ಕೂಡಿಯೂ ಹೂಡುತ್ತವೆ; ಗೂಡಿಗೆ ಕೊನೆಯ ದಿನ ಎಂಬುದು ಮೊದಲೇ ಗೊತ್ತಾಗಿರುವುದಿಲ್ಲ. ಎರಡನೆಯದು ಇನ್ನೂ ಸ್ವಾರಸ್ಯದ್ದು. ಗೂಡಿನಿಂದ ರಾಣಿಯನ್ನು ತೆಗೆದರೆ ಗೂಡು ಅನಾಥವಾಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಆಳುಗಳ ನಡುವಿನಿಂದ ಒಂದು ಇದ್ದಕ್ಕಿದ್ದಂತೆ ಉಗ್ರವಾಗಿ ಉಳಿದವನ್ನು ಗದರಿಸಲು ತೊಡಗುತ್ತದೆ. ಸುಮಾರು ಒಂದು ವಾರದಲ್ಲಿ ಅದೇ ಮೊಟ್ಟೆಯಿಡುವ ರಾಣಿಯಾಗಿ, ಮತ್ತೆ ಸೌಮ್ಯವಾಗುತ್ತದೆ. ಅಧಿಕಾರ ಸಿಗುವ ತನಕ ಅಬ್ಬರ, ಸಿಕ್ಕ ಮೇಲೆ ಮೌನ. ಮನುಷ್ಯರಲ್ಲಿ ಇದು ಅನೇಕ ಸಲ ತಿರುವುಮುರುವು. ಅದಿರಲಿ. ರಾಣಿಯನ್ನು ಕೊಂದರೆ ಕತೆ ಮುಗಿಯಿತು ಎಂಬ ಚಳಿದೇಶದ ನಂಬಿಕೆಗೆ ಇಲ್ಲಿ ನೆಲೆಯಿಲ್ಲ.

ಚಳಿದೇಶಗಳಲ್ಲಾದರೂ ಅದಕ್ಕೆ ನೆಲೆ ಇದೆಯೇ? ನ್ಯೂಜಿಲೆಂಡಿನ ಅನುಭವ ಬೇರೆಯೇ ಹೇಳುತ್ತದೆ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಸರಕಿನ ಪೆಟ್ಟಿಗೆಗಳ ಜೊತೆ ಜರ್ಮನ್ ಕಣಜ ಅಲ್ಲಿಗೆ ಬಂದಿಳಿಯಿತು. ಅದನ್ನು ತಡೆಯಲು ಸರಕಾರ ರಾಣಿಹುಳುವಿನ ತಲೆಗೆ ಬಹುಮಾನ ಕಟ್ಟಿತು. ಜನ ಉತ್ಸಾಹದಿಂದ ಹುಡುಕಿ ಒಂದೇ ಅಭಿಯಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರಾಣಿಗಳನ್ನು ತಂದೊಪ್ಪಿಸಿದರು. ಕಣಜ ಕಡಿಮೆಯಾಗಲಿಲ್ಲ, ಇವತ್ತು ಅದು ಆ ದೇಶದ ಉದ್ದಗಲಕ್ಕೂ ಇದೆ. ಕಾರಣ ಸರಳ. ಚಳಿ ಕಳೆದು ಏಳುವ ರಾಣಿಗಳಲ್ಲಿ ಬಹುಪಾಲು ಹೇಗಿದ್ದರೂ ಸಾಯುವಂಥವು. ಒಳ್ಳೆಯ ಜಾಗಗಳು ಕೆಲವೇ, ಅವಕ್ಕಾಗಿ ಕಾದಾಟ ಬಹಳ. ನೂರರಲ್ಲಿ ಎಂಬತ್ತನ್ನು ಹಿಡಿದು ಕೊಂದರೆ, ಉಳಿದ ಇಪ್ಪತ್ತಕ್ಕೆ ಕಾದಾಟವಿಲ್ಲದೆ ಜಾಗ ಸಿಗುತ್ತದೆ, ಅಷ್ಟೇ. ಇದರಿಂದ ಹೊರಡುವ ತರ್ಕವನ್ನು ನಮ್ಮ ಅಂಗಳಕ್ಕೆ ತರಬಹುದು: ಹುಳುಗಳ ಸಂಖ್ಯೆಯ ಮೇಲೆ ನಮ್ಮ ಹಿಡಿತ ಕಡಿಮೆ, ಜಾಗದ ಮೇಲಿನ ಹಿಡಿತ ಹೆಚ್ಚು. ಊರಿನ ಕಡಜವನ್ನೆಲ್ಲ ತೊಲಗಿಸಲು ನಮ್ಮಿಂದಾಗದು. ಆದರೆ ನಮ್ಮ ಸಜ್ಜಾದ ಅಡಿ ಅದಕ್ಕೆ ನೆಮ್ಮದಿಯ ಜಾಗವಲ್ಲದಂತೆ ಮಾಡಲು ಆಗುತ್ತದೆ.

ಅದಕ್ಕೆ ಮುಂಚೆ ಯಾರು ಯಾರು ಎಂದು ತಿಳಿಯಬೇಕು, ಏಕೆಂದರೆ ಸೂರಿನಡಿಯ ಎಲ್ಲ ಗೂಡೂ ಅಪಾಯದ್ದಲ್ಲ. ಗೋಡೆಯ ಮೇಲೆ, ಪುಸ್ತಕದ ಬೆನ್ನಿನ ಮೇಲೆ, ಕೆಲವೊಮ್ಮೆ ವಿದ್ಯುತ್ ಪ್ಲಗ್ಗಿನ ತೂತಿನಲ್ಲೂ ಮಣ್ಣಿನ ಉಂಡೆ ಮೆತ್ತುವ ಕುಂಬಾರಹುಳು ಒಂಟಿಜೀವಿ. ಸ್ಕೆಲಿಫ್ರಾನ್ ಮದ್ರಾಸ್‌ಪಟಾನಮ್ ಎಂದು ನಮ್ಮ ನೆರೆಯ ಮದರಾಸಿನ ಹೆಸರನ್ನೇ ಹೊತ್ತ ಜಾತಿಯೂ ಇವುಗಳಲ್ಲಿದೆ. ಅದು ಜೇಡವನ್ನು ಚುಚ್ಚಿ ಮರಗಟ್ಟಿಸಿ, ಮಣ್ಣಿನ ಕೋಣೆಯಲ್ಲಿ ತುಂಬಿ, ಮೇಲೆ ಮೊಟ್ಟೆಯಿಟ್ಟು ಬಾಗಿಲು ಮೆತ್ತಿ ಹೊರಟುಹೋಗುತ್ತದೆ. ಮೊಟ್ಟೆಯೊಡೆದ ಮರಿ ಜೇಡವನ್ನು ತಿಂದು ಬೆಳೆದು ಕೋಣೆ ಕೊರೆದು ಹೊರಬರುತ್ತದೆ. ಒಳಗೆ ಹೋದದ್ದು ಒಂದು, ಹೊರಗೆ ಬಂದದ್ದು ಇನ್ನೊಂದು. ಇಂಥ ಹುಳುಗಳನ್ನು ನೋಡಿಯೇ ನಮ್ಮ ಹಿರಿಯರು ಭ್ರಮರಕೀಟ ನ್ಯಾಯವೆಂಬ ಮಾತನ್ನು ಕಟ್ಟಿದರು, ಭೃಂಗದ ಧ್ಯಾನದಲ್ಲೇ ಕೀಟವು ಭೃಂಗವಾಗುತ್ತದೆ ಎಂದರು. ಕೋಣೆಯೊಳಗೆ ನಡೆಯುವುದು ಧ್ಯಾನವಲ್ಲ, ಭೋಜನ. ಕಾಯಲು ಸೈನ್ಯವಿಲ್ಲದ ಈ ಗೂಡು ಯಾರ ಮೇಲೂ ಏರಿ ಬರುವುದಿಲ್ಲ. ಆಮೇಲೆ ಬರುವವು ರೋಪಲಿಡಿಯಾ, ಪೊಲಿಸ್ಟಿಸ್‌ನಂಥ ಕಾಗದದ ಕಣಜಗಳು. ಅವುಗಳ ಹಟ್ಟಿ ತೆರೆದದ್ದು, ಕೋಣೆಗಳು ಹೊರಗೇ ಕಾಣುತ್ತವೆ, ಹುಳುಗಳು ಕೆಲವು ಹತ್ತು. ಕೈ ತಾಗಿಸಿದರೆ ಕಚ್ಚುತ್ತವೆ, ನೋವಿದೆ, ಆದರೆ ಬೆನ್ನಟ್ಟಿ ಬೀದಿಯುದ್ದಕ್ಕೂ ಬರುವ ಗುಣ ಇವಕ್ಕಿಲ್ಲ.

ಜೀವ ತೆಗೆಯುವ ಹೆಸರು ಬಂದಿರುವುದು ಕಡಜಕ್ಕೆ, ಅಂದರೆ ವೆಸ್ಪಾ ಕುಲಕ್ಕೆ. ನಮ್ಮ ಕಡೆ ಮುಖ್ಯವಾಗಿ ಎರಡು. ವೆಸ್ಪಾ ಟ್ರಾಪಿಕಾ ದೊಡ್ಡದು. ಕಪ್ಪು ಮೈ, ಹೊಟ್ಟೆಗೆ ಹಳದಿ ಪಟ್ಟಿ ಸುತ್ತಿದಂತೆ. ಮರದ ಪೊಟರೆ, ಅಟ್ಟದ ಮೂಲೆ, ನೆಲದ ಬಿಲ ಅದರ ಆಯ್ಕೆ. ವೆಸ್ಪಾ ಅಫಿನಿಸ್ ತುಸು ಚಿಕ್ಕದು. ಹಳದಿ ಇನ್ನೂ ಅಗಲ. ಪೊದೆ, ಕೊಂಬೆ, ಕಟ್ಟಡದ ಅಂಚುಗಳಲ್ಲಿ ಗೂಡನ್ನು ತೂಗುಹಾಕುತ್ತದೆ. ಇವು ಮರದ ನಾರನ್ನು ಜಗಿದು ಜೊಲ್ಲು ಬೆರೆಸಿ ಕಾಗದ ಮಾಡಿ, ಕೋಣೆಗಳ ತಟ್ಟೆಗಳ ಸುತ್ತ ಚಿಪ್ಪಿನ ಹಾಗೆ ಹೊದಿಕೆ ಹೊದಿಸುತ್ತವೆ. ಬೆಳೆದ ಗೂಡಿನಲ್ಲಿ ನೂರಾರು ಹುಳುಗಳಿರುತ್ತವೆ. ಜೇನಿನ ಮುಳ್ಳಿಗೆ ಕೊಕ್ಕೆಗಳಿರುವುದರಿಂದ ಅದು ಚರ್ಮದಲ್ಲೇ ಕಿತ್ತು ಉಳಿದು ಜೇನು ಸಾಯುತ್ತದೆ. ಕಡಜದ ಮುಳ್ಳು ಹೆಚ್ಚುಕಡಿಮೆ ನುಣುಪು, ಒಂದೇ ಹುಳು ಮತ್ತೆ ಮತ್ತೆ ಚುಚ್ಚಬಲ್ಲದು. ಸಾವು ಎರಡು ದಾರಿಗಳಲ್ಲಿ ಬರುತ್ತದೆ. ಅಲರ್ಜಿ ಇರುವವರಿಗೆ ಒಂದೇ ಕಡಿತ ಸಾಕು, ನಿಮಿಷಗಳಲ್ಲಿ ಉಸಿರು ಕಟ್ಟಿ ರಕ್ತದೊತ್ತಡ ಕುಸಿಯುತ್ತದೆ. ಅಲರ್ಜಿ ಇಲ್ಲದವರಿಗೆ ಹತ್ತಾರು ಕಡಿತ ಬಿದ್ದಾಗ ವಿಷವು ಸ್ನಾಯುವನ್ನೂ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ, ಆ ಚೂರುಗಳನ್ನು ಸೋಸುತ್ತ ಮೂತ್ರಪಿಂಡ ಕಟ್ಟಿಕೊಳ್ಳುತ್ತದೆ. ವೆಸ್ಪಾ ಅಫಿನಿಸ್ ಕಡಿತದಿಂದಾದ ಇಂಥ ಸಾವುಗಳನ್ನು ಶ್ರೀಲಂಕಾದ ವೈದ್ಯರು ದಾಖಲಿಸಿದ್ದಾರೆ. ಚೀನಾದ ಶಾನ್‌ಶಿ ಪ್ರಾಂತ್ಯದಲ್ಲಿ 2013ರ ಬೇಸಗೆಯಿಂದ ಶರತ್ಕಾಲದವರೆಗೆ ಕಡಜಗಳ ದಾಳಿಗೆ 40ಕ್ಕೂ ಹೆಚ್ಚು ಜನ ಬಲಿಯಾದರು.

ಇಷ್ಟು ಭೀಕರವಾದ ಗೂಡು ಹುಟ್ಟುವುದು ಹೇಗೆ? ಸಾಮಾನ್ಯವಾಗಿ ಒಂದು ಹೆಣ್ಣಿನಿಂದ, ಲಿಂಬೆಹಣ್ಣಿನಷ್ಟು ಕಾಗದದಿಂದ. ವೆಸ್ಪಾ ಅಫಿನಿಸ್‌ನ ಎಳೆಗೂಡು ತಲೆಕೆಳಗಾಗಿ ತೂಗುಬಿಟ್ಟ ಪುಟ್ಟ ಹೂಜಿಯಂತಿರುತ್ತದೆ. ಕತ್ತು ಕೆಳಗೆ, ಅದೇ ಬಾಗಿಲು. ಆ ಹಂತದಲ್ಲಿ ತಾಯಿಯೇ ನಾರು ತರಬೇಕು, ಮರಿಗೆ ಮಾಂಸ ತರಬೇಕು, ಇರುವೆಯನ್ನು ಕಾಯಬೇಕು. ಜಗಳಕ್ಕೆ ಬಿದ್ದು ಅವಳು ಸತ್ತರೆ ಸಂಸಾರವೇ ಮುಗಿಯಿತು. ಆದುದರಿಂದ ಅವಳು ಜಗಳ ಕಾಯುವುದಿಲ್ಲ, ಹಾರಿಹೋಗುತ್ತಾಳೆ. ಮೊದಲ ಮೊಟ್ಟೆಯಿಂದ ಮೊದಲ ಆಳುಹುಳು ಹೊರಬರಲು ಒಂದು ತಿಂಗಳು, ಕೆಲವೊಮ್ಮೆ ಇನ್ನೂ ಹತ್ತು ಹದಿನೈದು ದಿನ ಹಿಡಿಯುತ್ತದೆ. ಆಳುಗಳು ಬಂದ ದಿನದಿಂದ ಗೂಡಿನ ಸ್ವಭಾವ ಬದಲಾಗುತ್ತದೆ. ಸಾಯಲು ಸಿದ್ಧವಿರುವ ಹೆಣ್ಣುಮಕ್ಕಳು ಬಂದರು, ತಾಯಿ ಒಳಗೆ ಕುಳಿತಳು, ಇನ್ನು ಗೂಡು ಕಾದಾಡಬಲ್ಲದು. ಈ ಒಂದು ತಿಂಗಳೇ ನಮ್ಮ ಕೈಯಲ್ಲಿರುವ ಕಾಲ. ಇಪ್ಪತ್ತು ದಿನಕ್ಕೊಮ್ಮೆ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಸಜ್ಜಾ, ಸೂರು, ಗಾಳಿಕಿಂಡಿ, ಮೆಟ್ಟಿಲಿನ ಅಡಿಭಾಗ ನೋಡುವ ಮನೆಯಲ್ಲಿ ಕಾದಾಡುವ ಗೂಡು ಬೆಳೆಯುವುದು ಕಷ್ಟ, ಏಕೆಂದರೆ ಯಾವ ಗೂಡೂ ಸೈನ್ಯ ಹುಟ್ಟುವ ಮೊದಲೇ ಒಮ್ಮೆಯಾದರೂ ಕಣ್ಣಿಗೆ ಬಿದ್ದಿರುತ್ತದೆ. ಈ ಲೆಕ್ಕ ನಮಗೆ ಹೊಸತಲ್ಲ. ಡೆಂಗಿಯ ಸೊಳ್ಳೆಗೆ ವಾರಕ್ಕೊಂದು ಡ್ರೈ ಡೇ ಮಾಡಿ ತೊಟ್ಟಿ, ಹೂಕುಂಡದ ತಟ್ಟೆ, ತೆಂಗಿನ ಚಿಪ್ಪುಗಳ ನೀರು ಚೆಲ್ಲುತ್ತೇವಲ್ಲ, ಅಲ್ಲಿಯೂ ಇದೇ ತತ್ತ್ವ: ಸೊಳ್ಳೆಯ ಮೊಟ್ಟೆ ರೆಕ್ಕೆಯ ಹುಳುವಾಗಲು ಹಿಡಿಯುವ ಹೊತ್ತಿಗಿಂತ ಕಡಿಮೆ ಅಂತರದಲ್ಲಿ ತಪಾಸಣೆ. ಸೊಳ್ಳೆಗೆ ಏಳು ದಿನ, ಕಡಜಕ್ಕೆ ಇಪ್ಪತ್ತು.

ಕಣ್ಣು ಬೀಳದ ಜಾಗವೇ ಮೂಲ ಕಾರಣ ಎಂಬುದಕ್ಕೆ ಇನ್ನೊಂದು ಪುರಾವೆ ಕಡಿತಕ್ಕೆ ಒಳಗಾಗುವವರ ಪಟ್ಟಿಯಲ್ಲೇ ಇದೆ. ಕೇರಳದಲ್ಲಿ ಕಡನ್ನಲ್ ದಾಳಿಯ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುವವರು ಉದ್ಯೋಗ ಖಾತರಿ ಕೂಲಿಯವರು. ಆ ರಾಜ್ಯದಲ್ಲಿ ಈ ಕೂಲಿಯವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ವಯಸ್ಸಾದವರು ಬಹಳ. ಅವರ ಕೆಲಸವೇನೆಂದರೆ ವರ್ಷಗಟ್ಟಲೆ ಯಾರೂ ಕಾಲಿಡದ ತೋಟ, ತೋಡಿನ ಬದಿ, ಬೀಳುಬಿಟ್ಟ ರಬ್ಬರ್ ಗುಡ್ಡೆಗಳ ಪೊದೆ ಸವರುವುದು. ಕತ್ತಿ ಪೊದೆಗೆ ಬೀಳುವುದೂ ಒಳಗಿನ ಗೂಡು ಅಲುಗುವುದೂ ಒಟ್ಟಿಗೇ. ಇನ್ನೊಬ್ಬರು ತೆಂಗಿನ ಮರ ಹತ್ತುವವರು. ಮೇಲೆ ಮಂಡೆಯಲ್ಲಿ ಗೂಡಿದ್ದರೆ ಕೈ ಬಿಡುವಂತಿಲ್ಲ, ಓಡುವಂತಿಲ್ಲ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ಫ್ರೆಂಡ್ಸ್ ಆಫ್ ಕೋಕೋನಟ್ ಟ್ರೀ’ ಎಂಬ ತರಬೇತಿ ಆರಂಭಿಸಿ ಯುವಕ ಯುವತಿಯರಿಗೆ ಯಂತ್ರದ ಸಹಾಯದಿಂದ ಮರ ಹತ್ತಲು ಕಲಿಸಿತು, ವಿಮೆಯನ್ನೂ ಮಾಡಿಸಿತು. ಹಿಂದೆ ನಲವತ್ತು ಐವತ್ತು ದಿನಕ್ಕೊಮ್ಮೆ ಕಾಯಿ ಕೀಳಲು ಜನ ಹತ್ತುತ್ತಿದ್ದ ಕಾಲದಲ್ಲಿ ಮರದ ತಲೆಗೂ ಒಂದು ತಪಾಸಣೆ ತಾನಾಗಿಯೇ ನಡೆಯುತ್ತಿತ್ತು. ಹತ್ತುವವರು ಸಿಗದೆ ಕಾಯಿ ತಾನೇ ಉದುರಲಿ ಎಂದು ಬಿಟ್ಟ ಮರದಲ್ಲಿ ಆ ನೋಟವೂ ನಿಂತಿತು. ಕೂಲಿಯ ಕೊರತೆ, ವಲಸೆ, ಬೀಗ ಹಾಕಿದ ಮನೆ, ಇವೆಲ್ಲ ಕೀಟಶಾಸ್ತ್ರದ ಪುಸ್ತಕದಲ್ಲಿ ಬರುವ ಪದಗಳಲ್ಲ. ಆದರೆ ಕಡಜದ ಗೂಡು ಎಲ್ಲಿ ದೊಡ್ಡದಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಇವೇ.

ಬೇಟೆಗಾರನ ಅಟ್ಟಣೆಗೆ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಾಗವಿಲ್ಲ. ಬೆಳೆ ನಾಶ ಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ 2022ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ವಹಿಸಿದ್ದು ಬೇರೆ ಮಾತು. ಉಳಿದಿರುವುದು ಕಾವಲಿನ ಅಟ್ಟಣೆ. ಮಲೆನಾಡಿನ ಗದ್ದೆಯಂಚಿನಲ್ಲಿ ಹಂದಿಗೆ, ವಯನಾಡಿನ ತೋಟಗಳಲ್ಲಿ ಆನೆಗೆ ಕಾಯುವವರು ಮರದ ಮೇಲೆ ಕಟ್ಟಿಕೊಳ್ಳುವ ಗುಡಿಸಲು. ಮಲಯಾಳದಲ್ಲಿ ಅದು ಏರುಮಾಡಂ. ಹಳೆಯ ಕ್ರಮದಲ್ಲಿ ಅದು ಬಿದಿರು ಮತ್ತು ಹುಲ್ಲಿನದು, ತೆನೆ ಬಲಿಯುವಾಗ ಕಟ್ಟಿ ಕೊಯ್ಲಾದ ಮೇಲೆ ಕಳಚುವಂಥದು. ಮುಂದಿನ ವರ್ಷಕ್ಕೆ ಮತ್ತೆ ಹೊಸ ಹುಲ್ಲು, ಹೊಸ ಹಗ್ಗ. ಉಳಿಯದ ಅಟ್ಟಣೆಯಲ್ಲಿ ಉಳಿಯುವ ಗೂಡು ಹೇಗಿದ್ದೀತು? ಕಬ್ಬಿಣದ ಕಂಬಿ, ತಗಡಿನ ಮಾಡು ಹಾಕಿ ಒಮ್ಮೆಗೇ ಕಟ್ಟಿ ಮುಗಿಸಿದ ಕಾವಲುಗೋಪುರದಲ್ಲಿ ಖರ್ಚು ಉಳಿಯಿತು. ಎಂಟು ತಿಂಗಳು ಮನುಷ್ಯನ ಮುಖ ಕಾಣದ ಒಣ ಮೂಲೆಗಳೂ ಹುಟ್ಟಿದವು. ಇದು ಲೆಕ್ಕ ಹಾಕಿ ಸಾಬೀತುಮಾಡಿದ ಮಾತಲ್ಲ, ಕಡಜದ ಜೀವನಕ್ರಮದಿಂದ ಊಹಿಸಿ ಹೇಳಿದ್ದು. ಊಹೆ ಸರಿಯಾಗಿದ್ದರೆ ಪರಿಹಾರವೂ ಅಗ್ಗ: ಕಾವಲು ಮುಗಿದ ದಿನ ಮಾಡಿನ ತಗಡನ್ನಾದರೂ ಕಳಚಿ ಕೆಳಗಿಡಬೇಕು. ಮಳೆ ಬೀಳುವ ಹಲಗೆಯ ಅಡಿಯಲ್ಲಿ ಕಾಗದದ ಮನೆ ಕಟ್ಟುವಷ್ಟು ದಡ್ಡ ಹುಳು ಅದಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಒಂದು ಡಬ್ಬಿ ಕೀಟನಾಶಕ ಸಾಲದೇ ಎಂಬ ಆಕ್ಷೇಪ ಸಹಜ. ಆಲುವದ ನೆರೆಯವರಿಗೆ ಈ ಪ್ರಶ್ನೆಯ ಉತ್ತರ ನದಿಯ ಆಚೆ ದಡದಲ್ಲೇ ಇದೆ. ಏಲೂರಿನ ಉದ್ಯೋಗಮಂಡಲದಲ್ಲಿ ಸಾರ್ವಜನಿಕ ವಲಯದ ಹಿಂದೂಸ್ಥಾನ್ ಇನ್‌ಸೆಕ್ಟಿಸೈಡ್ಸ್ ಡಿ.ಡಿ.ಟಿ.ಯನ್ನೂ ಎಂಡೋಸಲ್ಫಾನನ್ನೂ ತಯಾರಿಸಿತು. ರಾಜ್ಯದ ಉತ್ತರ ತುದಿಯಾದ ಕಾಸರಗೋಡಿನಲ್ಲಿ ತೋಟಗಾರಿಕಾ ನಿಗಮದ ಗೇರು ಗುಡ್ಡಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚಲಾಯಿತು. ಉದ್ದೇಶ ಟೀ ಸೊಳ್ಳೆಯೆಂಬ ಒಂದು ತಿಗಣೆಯನ್ನು ಕೊಲ್ಲುವುದು. ಎಣ್ಮಕಜೆಯ ಪಡ್ರೆಯಲ್ಲಿ ವೈದ್ಯರಾದ ಮೋಹನ ಕುಮಾರ್ ರೋಗಿಗಳಲ್ಲಿ ಕಂಡದ್ದನ್ನೂ, ಪತ್ರಕರ್ತ ಶ್ರೀಪಡ್ರೆ ದನಕರುಗಳಿಂದ ತೊಡಗಿ ಮನುಷ್ಯರವರೆಗೆ ಬರೆದದ್ದನ್ನೂ ಕನ್ನಡಿಗರು ಮರೆತಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ರಾಸಾಯನಿಕವನ್ನು ದೇಶದಲ್ಲೇ ತಡೆಯಿತು. ಒಂದು ಕೀಟಕ್ಕೆಂದು ಬಿಟ್ಟ ವಿಷ ಆ ಕೀಟದ ವಿಳಾಸ ಕೇಳಿಕೊಂಡು ಹೋಗುವುದಿಲ್ಲ. ಹಾಗೆಂದು ಮನೆಯ ಡಬ್ಬಿಯನ್ನೂ ಹೆಲಿಕಾಪ್ಟರನ್ನೂ ಸಮವೆನ್ನುವುದು ನ್ಯಾಯವಲ್ಲ. ಇಂದಿನ ಡಬ್ಬಿಗಳಲ್ಲಿರುವುದು ಹೆಚ್ಚಾಗಿ ಪೈರೆಥ್ರಾಯ್ಡ್ ಗುಂಪಿನ ವಿಷ, ಅದು ಎಂಡೋಸಲ್ಫಾನಿಗಿಂತ ಬೇಗ ವಿಘಟನೆಯಾಗುತ್ತದೆ. ಡಬ್ಬಿಯ ತೊಂದರೆ ಬೇರೆ. ಜಿರಳೆಗೆಂದು ಮಾಡಿದ ಅದರ ಸಿಂಪಡಣೆ ಒಂದೆರಡು ಮೀಟರು ಹೋಗುತ್ತದೆ, ಹೊದಿಕೆಯ ಒಳಗಿನ ತಟ್ಟೆಗಳಿಗೆ ತಲುಪುವುದಿಲ್ಲ. ಹೊರಗಿನ ಕೆಲವು ಹುಳು ಒದ್ದಾಡಿ ಬೀಳುತ್ತವೆ. ಗಾಬರಿಗೊಂಡ ಕಡಜ ಎಚ್ಚರಿಕೆಯ ವಾಸನೆಯನ್ನು ಗಾಳಿಗೆ ಬಿಡುತ್ತದೆ. ಜಪಾನಿನ ಸಂಶೋಧಕರು 2003ರಲ್ಲಿ ದೈತ್ಯ ಕಡಜದಲ್ಲಿ ಆ ವಾಸನೆಯ ರಾಸಾಯನಿಕಗಳನ್ನೇ ಗುರುತಿಸಿದ್ದಾರೆ. ಕೈಯಲ್ಲಿ ಡಬ್ಬಿ ಹಿಡಿದು ಏಣಿಯ ಮೇಲೆ ನಿಂತವರಿಗೆ ಆ ವಾಸನೆ ತಿಳಿಯುವುದಿಲ್ಲ, ಒಳಗಿರುವ ನೂರಾರಕ್ಕೆ ತಿಳಿಯುತ್ತದೆ. ಸೂಟೆ ಉರಿಸಿ ರಾತ್ರಿ ಸುಡುವ ನಾಟಿ ಕ್ರಮ ಗೂಡಿಗೆ ತಲುಪುವ ಮಟ್ಟಿಗೆ ಡಬ್ಬಿಗಿಂತ ಮೇಲು, ಆದರೆ ಒಣಗಿದ ಮಾಡು, ತೆಂಗಿನ ಗರಿ, ವಿದ್ಯುತ್ ತಂತಿಗಳ ನಡುವೆ ಬೆಂಕಿ ಹಿಡಿದು ನಿಲ್ಲುವುದು ಒಂದು ಅಪಾಯಕ್ಕೆ ಇನ್ನೊಂದನ್ನು ಸೇರಿಸಿದಂತೆ.

ವಿಷವಿಲ್ಲದ ಉಪಾಯಗಳೂ ಮಾರಾಟಕ್ಕಿವೆ. ಬೂದುಬಣ್ಣದ ಬಟ್ಟೆಯ ಅಥವಾ ಕಾಗದದ ಹುಸಿಗೂಡನ್ನು ತೂಗುಹಾಕಿದರೆ ಬೇರೆಯವರ ಸೀಮೆ ಎಂದು ತಿಳಿದು ಕಣಜ ಹತ್ತಿರ ಸುಳಿಯದು ಎನ್ನುತ್ತಾರೆ ಮಾರುವವರು. ರೋಪಲಿಡಿಯಾ ಒಂದೇ ಕಟ್ಟಡದ ಸಾಲು ಕಿಟಕಿಗಳಲ್ಲಿ ಒಂದರ ಪಕ್ಕ ಇನ್ನೊಂದು ಗೂಡು ಕಟ್ಟಿಕೊಂಡು ಬಾಳುತ್ತದೆ. ನಿಜವಾದ ನೆರೆಯವರಿಗೇ ಹೆದರದ ಹುಳು ಬಟ್ಟೆಯ ಚೀಲಕ್ಕೆ ಹೆದರುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಬೇಕು. ಬೆಲ್ಲದ ನೀರಿನ ಬಾಟಲಿ ಬೋನುಗಳಲ್ಲಿ ಹುಳು ಬೀಳುವುದು ನಿಜ, ಆದರೆ ಬಿದ್ದವು ಆಳುಗಳು. ಗೂಡು ಅಲ್ಲೇ ಇರುತ್ತದೆ. ಮೀನಿನ ತ್ಯಾಜ್ಯ, ಕೊಳೆತ ಹಲಸು, ಹುಳಿತ ಸಿಹಿಗಳನ್ನು ಮುಚ್ಚಿಡಬೇಕೆಂಬ ಸಲಹೆ ಮಾತ್ರ ಒಳ್ಳೆಯದೇ, ಅಂಗಳದಲ್ಲಿ ಮನುಷ್ಯ ಮತ್ತು ಹುಳು ಎದುರಾಗುವುದು ಅದರಿಂದ ಕಡಿಮೆಯಾಗುತ್ತದೆ. ಅದನ್ನು ಗೂಡು ತಡೆಯುವ ಉಪಾಯ ಎಂದು ಎಣಿಸಿದರೆ ತಪ್ಪು. ಊಟದ ಜಾಗ ಬೇರೆ, ಮನೆಯ ಜಾಗ ಬೇರೆ. ಕಡಜ ನೂರಾರು ಮೀಟರು ಹಾರಿಹೋಗಿ ಉಣ್ಣುತ್ತದೆ.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಎಳೆಗೂಡನ್ನಾದರೂ ಯಾಕೆ ಕೆಡವಬೇಕು, ಇವು ಕಂಬಳಿಹುಳು ತಿನ್ನುವ ರೈತನ ಗೆಳೆಯರಲ್ಲವೇ? ಹೌದು. ಕಾಗದದ ಕಣಜ ತನ್ನ ಮರಿಗಳಿಗೆ ಕಂಬಳಿಹುಳುಗಳನ್ನು ಜಗಿದು ಉಣಿಸುತ್ತದೆ. ಕಡಜವೂ ಬೇಟೆಗಾರನೇ. ಆದರೆ ಅದು ಜೇನುಪೆಟ್ಟಿಗೆಯ ಬಾಗಿಲಲ್ಲೂ ಕಾಯುತ್ತದೆ, ಸಿರಸಿ ಸುಳ್ಯದ ಜೇನು ಸಾಕುವವರಿಗೆ ಅದನ್ನು ಹೊಗಳುವ ಮನಸ್ಸಿಲ್ಲ. ವೆಸ್ಪಾ ಟ್ರಾಪಿಕಾ ಅಂತೂ ಮುಖ್ಯವಾಗಿ ಬೇರೆ ಕಣಜಗಳ ಗೂಡು ಸೂರೆಮಾಡುವ ಜಾತಿ. ಗದಗಕರ್ ಅವರ ತಂಡ ರೋಪಲಿಡಿಯಾಗಳನ್ನು ಸಾಕಿದ ಮನೆಗೆ ತಂತಿಯ ಬಲೆ ಹೊದಿಸಿದ್ದು ಅದಕ್ಕಾಗಿಯೇ: ಬಲೆಯ ಕಣ್ಣು ಸಣ್ಣ ಕಣಜ ಧಾರಾಳವಾಗಿ ಹೊರಗೆ ಹೋಗಿ ಬೇಟೆ ತರುವಷ್ಟು ದೊಡ್ಡದು, ದೊಡ್ಡ ಕಡಜ ಒಳನುಗ್ಗಲಾರದಷ್ಟು ಚಿಕ್ಕದು. ಅಲ್ಲಿಂದ ಎರಡು ಪಾಠ ಸಿಗುತ್ತವೆ. ಕೈ ತಾಗದ ಎತ್ತರದಲ್ಲಿರುವ ಪುಟ್ಟ ಕಣಜದ ಹಟ್ಟಿಯನ್ನು ಬಿಟ್ಟುಬಿಡಬಹುದು, ಬಾಗಿಲು, ಮೀಟರ್ ಪೆಟ್ಟಿಗೆ, ಬಟ್ಟೆ ಒಣಹಾಕುವ ಹಗ್ಗದ ಬಳಿಯದನ್ನಷ್ಟೇ ತೆಗೆಯಬೇಕು. ಇನ್ನೊಂದು, ಬಲೆ ಕೆಲಸ ಮಾಡುತ್ತದೆ. ಅಟ್ಟದ ಗಾಳಿಕಿಂಡಿ, ಮುಖಮಾಡಿನ ಜಾಲಂದ್ರ, ಗೋಡೆಯ ಕೊಳವೆಬಾಯಿಗಳಿಗೆ ಸಣ್ಣ ಕಣ್ಣಿನ ತಂತಿಬಲೆ ಬಿಗಿದರೆ ಒಳಗೆ ಗೂಡು ಕಟ್ಟುವ ಜಾತಿಗಳಿಗೆ ದಾರಿಯೇ ಇಲ್ಲ. ಈ ಇಡೀ ವಿಷಯದಲ್ಲಿ ಒಮ್ಮೆ ಖರ್ಚು ಮಾಡಿ ಮರೆತುಬಿಡಬಹುದಾದ ಉಪಾಯ ಇದೊಂದೇ.

ಇರುವೆಯ ಮಾತೂ ಇಲ್ಲೇ ಬರಬೇಕು. ಉಷ್ಣವಲಯದ ಕಣಜಕ್ಕೆ ಮನುಷ್ಯನಿಗಿಂತ ಇರುವೆಯ ಭಯ ಹೆಚ್ಚು. ರಾಬರ್ಟ್ ಜೀನ್ ಎಂಬ ಅಮೆರಿಕದ ವಿಜ್ಞಾನಿ ಉತ್ತರದ ನ್ಯೂ ಹ್ಯಾಂಪ್‌ಶೈರಿನಿಂದ ಬ್ರೆಜಿಲ್‌ವರೆಗೆ ಐದು ಕಡೆ ಕಣಜದ ಮರಿಗಳನ್ನು ಆಮಿಷವಾಗಿ ಇಟ್ಟು ಇರುವೆಗಳು ಎಷ್ಟು ಬೇಗ ಹುಡುಕುತ್ತವೆ ಎಂದು ನೋಡಿ 1979ರಲ್ಲಿ ಪ್ರಕಟಿಸಿದರು. ಸಮಭಾಜಕಕ್ಕೆ ಹತ್ತಿರವಾದಷ್ಟೂ ಇರುವೆಯ ಕಾಟ ಜೋರು. ಕಾಗದದ ಗೂಡು ಒಂದೇ ತೆಳು ತೊಟ್ಟಿನಿಂದ ತೂಗುವುದರ ಅರ್ಥ ಆಗ ತಿಳಿಯುತ್ತದೆ. ಕಾಯಬೇಕಾದ ದಾರಿ ಒಂದೇ ಆದರೆ ಕಾವಲು ಸುಲಭ. ಸಿಮೆಂಟಿನ ನುಣುಪು ಸಜ್ಜಾ, ಇರುವೆಮದ್ದು ಹಾಕಿದ ಗೋಡೆ, ಇವು ಮನೆಯೊಡೆಯನಿಗೆಷ್ಟು ಪ್ರಿಯವೋ ಗೂಡು ಹೂಡುವ ತಾಯಿಗೂ ಅಷ್ಟೇ ಪ್ರಿಯವಾಗಿದ್ದರೆ ಆಶ್ಚರ್ಯವಿಲ್ಲ. ಮಾವಿನ ಮರದ ಚಗಳಿ ಇರುವೆಯನ್ನು ಕಚ್ಚುತ್ತದೆಂದು ಸುಡುವವರು ಈ ಲೆಕ್ಕವನ್ನೂ ಹಾಕಿಕೊಳ್ಳಲಿ.

ನೋಡಬೇಕು ಸರಿ, ಬೀಗ ಹಾಕಿದ ಮನೆಯನ್ನು ನೋಡುವವರು ಯಾರು? ನನ್ನ ವಾದದ ದುರ್ಬಲ ಜಾಗ ಇದೇ. ದುಬೈಯಲ್ಲಿರುವವರು ಇಪ್ಪತ್ತು ದಿನಕ್ಕೊಮ್ಮೆ ಸೂರು ನೋಡಲಾರರು. ಕೇರಳದಲ್ಲಿ ಹರಿತ ಕರ್ಮ ಸೇನೆಯ ಹೆಂಗಸರು ಪ್ಲಾಸ್ಟಿಕ್ ಸಂಗ್ರಹಿಸಲು ತಿಂಗಳಿಗೊಮ್ಮೆ ಮನೆಮನೆಗೆ ಹೋಗುತ್ತಾರೆ. ಬೀದಿಯ ಪ್ರತಿ ಗೇಟು ಅವರಿಗೆ ಗೊತ್ತು, ತಿಂಗಳೆಂಬ ಅಂತರವೂ ನಮ್ಮ ಲೆಕ್ಕಕ್ಕೆ ಹತ್ತಿರ. ಗೇಟಿನ ಹೊರಗಿನಿಂದಲೇ ಒಮ್ಮೆ ತಲೆಯೆತ್ತಿ ನೋಡಿ ಪಂಚಾಯಿತಿಗೆ ತಿಳಿಸುವ ಕೆಲಸವನ್ನು ಇದಕ್ಕೆ ಸೇರಿಸಬಹುದು. ಈಗಾಗಲೇ ಕಡಿಮೆ ಸಂಬಳಕ್ಕೆ ಹೆಚ್ಚು ದುಡಿಯುವವರ ತಲೆಗೆ ಇನ್ನೊಂದು ಹೊರೆ ಎಂಬ ಆಕ್ಷೇಪಕ್ಕೆ ಉತ್ತರ, ಅದಕ್ಕೆ ಬೇರೆ ಹಣ ಕೊಡಬೇಕು, ಖಾಲಿ ಮನೆಯ ಒಡೆಯನೇ ಕೊಡಬೇಕು ಎಂಬುದು. ಪೊದೆ ಸವರುವ ಕೂಲಿಯವರ ವಿಷಯದಲ್ಲೂ ಹಾಗೆಯೇ: ಕತ್ತಿ ಬೀಸುವ ಮೊದಲು ಒಬ್ಬರು ದೂರದಿಂದ ಹತ್ತು ನಿಮಿಷ ಪೊದೆಯನ್ನು ನೋಡುತ್ತ ನಿಂತರೆ ಸಾಕು, ಬೆಳೆದ ಗೂಡಿದ್ದಲ್ಲಿ ಹುಳುಗಳು ಒಂದೇ ಗೆರೆಯಲ್ಲಿ ಹೋಗಿ ಬರುವುದು ಕಾಣುತ್ತದೆ. ಆ ಹತ್ತು ನಿಮಿಷವನ್ನು ಕೂಲಿಯ ಹೊತ್ತೆಂದು ಬರೆದುಕೊಳ್ಳಬೇಕು.

ಎಳೆಗೂಡು ಕಂಡರೆ ಹೊದಿಕೆಯ ಗಾತ್ರ ನೋಡಬೇಕು, ಸ್ವಲ್ಪ ಹೊತ್ತು ದೂರ ನಿಂತು ಎಷ್ಟು ಹುಳು ಹೋಗಿಬರುತ್ತವೆ ಎಂದು ಎಣಿಸಬೇಕು. ಒಂದೇ ಹುಳು, ಗೂಡು ಲಿಂಬೆಯಷ್ಟು ಎಂದಾದರೆ ತಾಯಿ ಹೊರಹೋದ ಹೊತ್ತಿಗೆ ಉದ್ದ ಕೋಲಿನಿಂದ ಉದುರಿಸಬಹುದು. ಅಲರ್ಜಿ ಇರುವವರು ಅದನ್ನೂ ಮಾಡಕೂಡದು. ತೆಂಗಿನಕಾಯಿಯಷ್ಟಾಗಿ ಹುಳುಗಳು ಸಾಲಾಗಿ ಹೋಗಿ ಬರುತ್ತಿದ್ದರೆ ಆ ಗೂಡು ಮನೆಯವರ ಕೈ ಮೀರಿದೆ. ಅದರ ಸುತ್ತ ಹಗ್ಗ ಕಟ್ಟಿ, ಮಕ್ಕಳನ್ನೂ ದನವನ್ನೂ ಆ ಕಡೆ ಬಿಡದೆ, ರಕ್ಷಾ ಉಡುಪಿರುವ ಪಳಗಿದವರನ್ನು ಕರೆಯುವುದೇ ಸರಿ. ಕಲ್ಲೆಸೆಯುವ ಹುಡುಗರಿಗೆ ಇದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟ. ಹುಳು ಎದ್ದುಬಿಟ್ಟರೆ ಕೈ ಬೀಸುತ್ತ ನಿಲ್ಲದೆ ಮುಖ ಮುಚ್ಚಿಕೊಂಡು ಓಡಿ ಬಾಗಿಲು ಹಾಕಿಕೊಳ್ಳಬೇಕು. ಹಲವು ಕಡಿತ ಬಿದ್ದವರು ನೋವು ಇಳಿಯಿತೆಂದು ಮನೆಯಲ್ಲೇ ಕೂರುವಂತಿಲ್ಲ, ಮೂತ್ರ ಕಪ್ಪಾಗುವುದು ಮರುದಿನವೂ ಆಗಬಹುದು, ಅದಕ್ಕೂ ಮೊದಲೇ ಆಸ್ಪತ್ರೆ ಸೇರಬೇಕು. ಉಸಿರು ಬಿಗಿಯುವುದು, ಮೈಯೆಲ್ಲ ದದ್ದು, ತಲೆ ಸುತ್ತುವುದು ಕಂಡರಂತೂ ಅಡ್ರಿನಾಲಿನ್ ಚುಚ್ಚುಮದ್ದಿಗೆ ನಿಮಿಷಗಳ ಲೆಕ್ಕ. ಸುಣ್ಣ ಹಚ್ಚುತ್ತ ಕಳೆಯುವ ಹೊತ್ತು ಅದಲ್ಲ.

ಕಡಜ ಬಿಟ್ಟುಹೋದ ಗೂಡಿನಲ್ಲಿ ಮತ್ತೆ ಸಂಸಾರ ಹೂಡುವುದು ಅಪರೂಪ. ಹುಳುಗಳು ಖಾಲಿಯಾದ ಮೇಲೆ ಅದು ಬರೀ ಮರದ ನಾರು. ಜೂನ್ ತಿಂಗಳ ಗಾಳಿಮಳೆಗೆ ಒದ್ದೆಯಾಗಿ, ತುಂಡುತುಂಡಾಗಿ ಉದುರುತ್ತದೆ. ಗೂಡು ಬಿತ್ತು, ಪೀಡೆ ಹೋಯಿತು ಎಂದು ಅಲ್ಲಿಗೆ ಮರೆಯುವುದು ವಾಡಿಕೆ. ಆದರೆ ಗೂಡು ತೂಗುತ್ತಿದ್ದ ಜಾಗ ಹಾಗೆಯೇ ಇದೆ: ಒಣ, ನೆರಳು, ಗಾಳಿಯ ಮರೆ. ಒಬ್ಬಳು ತಾಯಿ ಎಲ್ಲ ನೋಡಿ ಆರಿಸಿದ ಮೂಲೆಯನ್ನು ಇನ್ನೊಬ್ಬಳೂ ಆರಿಸುವ ಸಂಭವ ಹೆಚ್ಚು. ಸಜ್ಜಾದ ಅಡಿಯಲ್ಲಿ ಅಂಟಿ ಉಳಿದ ಬೂದುಬಣ್ಣದ ತೊಟ್ಟನ್ನು ಕೆರೆದು ತೆಗೆದು, ಮುಂದಿನ ಪ್ರದಕ್ಷಿಣೆಯನ್ನು ಆ ಮೂಲೆಯಿಂದಲೇ ಶುರುಮಾಡಬೇಕು.